ನಗ್ರಿ, ಆದ್ರ ಬರೇ ನಗಬ್ಯಾಡ್ರಿ

ಕನ್ನಡ ಸಿನಿಮಾದೊಳಗ ಒಬ್ಬ ಪಾತ್ರಧಾರಿ ಬಾಯಿ ತೆಗೆದು "ಯಾಕ್ರೀ ಸರ, ಆರಾಮ ಅದೀರಿ?" ಅಂದ ಕೂಡಲೇ ಥಿಯೇಟರಿನಲ್ಲಿ ನಗು ಶುರುವಾಗುತ್ತದೆ. ಆತ ಇನ್ನೂ ಜೋಕು ಹೇಳಿರೋದಿಲ್ಲ. ಆರೋಗ್ಯ ವಿಚಾರಿಸಿದ್ದಾನೆ, ಅಷ್ಟೇ. ಆದರೆ ಆ "ಅದೀರಿ" ಕಿವಿಗೆ ಬಿದ್ದ ಕೂಡಲೇ ಪ್ರೇಕ್ಷಕನಿಗೆ ಗೊತ್ತಾಗಿ ಹೋಗ್ತದ: ಈತ ಹೀರೋ ಅಲ್ಲ, ವಿಲನ್ನೂ ಅಲ್ಲ, ಕಾಮಿಡಿ. ಇನ್ನು ಹತ್ತು ನಿಮಿಷದಲ್ಲಿ ಈತ ಯಾರ ಕೈಲೋ ಹೊಡೆತ ತಿಂತಾನ, ಇಲ್ಲಾ ಕುಡಿದು ಬೀಳ್ತಾನ.

ನಾನು ಸೇಡಂ ತಾಲ್ಲೂಕಿನ ಹಳ್ಳಿಯವ. ಬಿಇ ಮುಗಿಸಿ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುತ್ತಿರುವ ಸಾವಿರಾರು ಜನರಲ್ಲಿ ಒಬ್ಬ. ಸಿನಿಮಾ ವಿಮರ್ಶಕ ಅಲ್ಲ. ಟಿಕೆಟ್ ತಗೊಂಡು ನೋಡುವವನು. ಹಂಗಾಗಿ ನನ್ನ ಮಾತನ್ನ ಟಿಕೆಟ್ ರೊಕ್ಕ ಕೊಟ್ಟವನ ತಕರಾರು ಅಂತಲೇ ಓದ್ರಿ. ಬರೆಯುವಾಗ ನನ್ನ ಕೈಯಿಂದ "ಇದೆ" ಬರ್ತದ, ಮಾತಾಡುವಾಗ "ಅದ" ಬರ್ತದ. ಇಲ್ಲಿ ಎರಡೂ ಬರ್ತಾವ, ಯಾರೂ ತಿದ್ದಬ್ಯಾಡ್ರಿ.

ಮೊದಲೇ ಹೇಳಿಬಿಡ್ತೀನಿ, ನಮ್ಮ ಭಾಷೆ ಕೇಳಿ ನಕ್ಕರೆ ನನಗೇನೂ ಸಿಟ್ಟಿಲ್ಲ. ನಾವೇ ಬಕ್ಕಳ ನಗ್ತೀವಿ. ಗಂಗಾವತಿ ಪ್ರಾಣೇಶರ ಕಾರ್ಯಕ್ರಮ ಅಂದ್ರ ನಮ್ಮ ಕಡೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುವವರು ಅದಾರ. ಅಲ್ಲಿ ಮಾತಾಡುವವನೂ ನಮ್ಮವನೇ, ನಗುವವರೂ ನಮ್ಮವರೇ, ನಗೆಪಾಟಲಾಗುವ ಮನುಷ್ಯನೂ ನಮ್ಮ ಓಣಿಯವನೇ. ಆ ನಗುವಿನಲ್ಲಿ ಪರಿಚಯ ಇದೆ. ಸಿನಿಮಾದ ನಗು ಬೇರೆ. ಅಲ್ಲಿ ಮಾತೇ ಜೋಕು. ಆಡಿದ ಸಂಗತಿ ಏನು ಅಂತ ಯಾರೂ ಕೇಳಂಗಿಲ್ಲ.

ಚಿಕ್ಕಂದಿನಿಂದ ನೋಡಿದ ಸಿನಿಮಾಗಳನ್ನ ನೆನಪು ಮಾಡಿಕೊಂಡರೆ ನಮ್ಮ ಕಡೆಯ ಮಾತಾಡುವವರ ಕೆಲಸಗಳು ಇಷ್ಟೇ: ಹೀರೋನ ಹಾಸ್ಟೆಲಿನ ಅಡುಗೆಯವ, ಅಪಾರ್ಟ್‌ಮೆಂಟಿನ ವಾಚ್‌ಮನ್, ದಪ್ಪ ಹೊಟ್ಟೆಯ ಪೇದೆ, ಮೆಜೆಸ್ಟಿಕ್‌ನಲ್ಲಿ ಇಳಿದು ದಾರಿ ತಪ್ಪಿ ಜೇಬು ಕತ್ತರಿಸಿಕೊಳ್ಳುವ ಹಳ್ಳಿಗ, ಕುಡುಕ. ಊರಿನ ಹೆಸರು ಬರೋದು ಒಂದೇ ಸಂದರ್ಭದಲ್ಲಿ. ಮಂತ್ರಿ ಮೇಜು ಗುದ್ದಿ ಇನ್‌ಸ್ಪೆಕ್ಟರಿಗೆ ಹೇಳ್ತಾನ, "ನಿನ್ನ ಗುಲ್ಬರ್ಗಾಕ್ಕೆ ಟ್ರಾನ್ಸ್‌ಫರ್ ಮಾಡಿಸಿಬಿಡ್ತೀನಿ." ಇಲ್ಲಾ ಬೀದರ್, ಇಲ್ಲಾ ರಾಯಚೂರು. ನಮ್ಮ ಮನಿ ಇರೋ ಜಾಗ ಇವರಿಗೆ ಶಿಕ್ಷೆ. ಆ ಡೈಲಾಗು ಬಂದಾಗ ಸೇಡಂನ ಟಾಕೀಸಿನಲ್ಲಿ ಕೂತು ನಾವು ನಗಬೇಕಾ, ಬ್ಯಾಡಾ ಅನ್ನೋದನ್ನ ಬರೆದವರು ಯೋಚನೆ ಮಾಡಿದಂಗ ಕಾಣಂಗಿಲ್ಲ. ನಾವು ಆ ಸಿನಿಮಾ ನೋಡ್ತೀವಿ ಅನ್ನೋದೇ ಅವರ ಲೆಕ್ಕದಲ್ಲಿ ಇರಲಿಕ್ಕಿಲ್ಲ.

ಇನ್ನೊಂದು ಸಂಗತಿ ಹೇಳ್ತೀನಿ, ಬೆಂಗಳೂರಿನ ಗೆಳೆಯರಿಗೆ ಹೇಳಿದಾಗ ನಂಬಂಗಿಲ್ಲ. ಸಿನಿಮಾದಲ್ಲಿ "ಉತ್ತರ ಕರ್ನಾಟಕದ ಭಾಷೆ" ಅಂತ ಕೇಳುವುದು ನಮ್ಮ ಭಾಷೆಯೇ ಅಲ್ಲ. ಅದು ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ ಕಡೆಯದನ್ನ ಜರಾ ಹದ ತಪ್ಪಿಸಿ ಮಾಡಿದ ಮಾದರಿ. ಅವರು "ಐತಿ" ಅಂತಾರ, ನಮ್ಮದು "ಅದ". ಅವರದು "ಮಾಡಾಕತ್ತೀನಿ", ನಮ್ಮದು "ಮಾಡ್ಲಕತ್ತೀನಿ". ಬೆಂಗಳೂರಿನವರಿಗೆ "ತುಂಬಾ", ನಮಗ "ಬಕ್ಕಳ". ನಮ್ಮ ಮಾತಿನೊಳಗ ದಖನಿ ಉರ್ದು ಅದ, ತೆಲುಗಿನ ಎಳೆತ ಅದ, ಆಳಂದದ ಕಡೆ ಹೋದ್ರ ಮರಾಠಿ, ತಾಂಡಾಕ್ಕ ಹೋದ್ರ ಲಂಬಾಣಿ. ಚಿಂಚೋಳಿಯವರ ಮಾತು ಕೇಳಿದವನಿಗೆ ಆತ ತಾಂಡೂರಿನ ಸಂತೆಗೆ ಹೋಗಿ ಬರುವವನು ಅಂತ ಗೊತ್ತಾಗ್ತದ. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಬೆಳೆದವನ ಮಾತು ಬೇರೆ, ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನದು ಇನ್ನೂ ಬೇರೆ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮ್ಯಾಲ ಅರ್ಧ ತಾಸು ನಿಂತ್ರ ನಾಲ್ಕೈದು ಭಾಷೆಯಲ್ಲಿ ಚಹಾ ಕೇಳುವವರು ಸಿಗ್ತಾರ. ಇದನ್ನೆಲ್ಲ ಒಂದು "ಮಗನss"ನಲ್ಲಿ ಮುಗಿಸಿಬಿಡೋದು ಸೋಮಾರಿತನ. ಅಂದ್ರ ನಮ್ಮನ್ನ ನಗೆಗೆ ಗುರಿ ಮಾಡುವಾಗಲೂ ನಮ್ಮ ಮಾತನ್ನ ಯಾರೂ ಕಿವಿಗೊಟ್ಟು ಕೇಳಿಲ್ಲ. ಬಾಗಲಕೋಟೆಯವರ ಮಾತನ್ನ ಅರ್ಧಂಬರ್ಧ ಕಲಿತು ನಮ್ಮ ಹೆಸರಿಗೆ ಹಚ್ಚಿದ್ದಾರ.

ತಮಾಷೆ ಅಂದ್ರ ಈ ಸಂಗತಿ ಹನ್ನೊಂದು ನೂರು ವರ್ಷಕ್ಕೂ ಹಳೆಯದು. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು 'ಕವಿರಾಜಮಾರ್ಗ'. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಇವತ್ತಿನ ಮಳಖೇಡ, ನಮ್ಮ ಸೇಡಂ ತಾಲ್ಲೂಕು, ಕಾಗಿಣಾ ನದಿಯ ದಂಡೆ. ಅದೇ ಪುಸ್ತಕದಲ್ಲಿ ಕನ್ನಡದ ತಿರುಳು ಇರುವ ನಾಡು ಯಾವುದು ಅಂತ ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಅಂತ ನಾಲ್ಕು ಊರಿನ ಹೆಸರು ಬರ್ತಾವ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸೀಮೆ. ಮಾನ್ಯಖೇಟದ ಹೆಸರಿಲ್ಲ! ರಾಜನ ಅರಮನೆ ನಮ್ಮೂರಾಗ, ಪುಸ್ತಕ ನಮ್ಮೂರಾಗ, ಒಳ್ಳೆಯ ಕನ್ನಡ ಮಾತ್ರ ಆವಾಗಲೂ ಬ್ಯಾರೆ ಊರಾಗ. ಆದರೆ ಅದೇ ಪುಸ್ತಕ ಇನ್ನೊಂದು ಮಾತನ್ನೂ ಹೇಳ್ತದ. ಕನ್ನಡದ ದೇಸಿಗಳು ಬೇರೆ ಬೇರೆ ಇರೋದರಿಂದ ಅವುಗಳ ದೋಷ ಇಷ್ಟೇ ಅಂತ ಲೆಕ್ಕ ಹಾಕಲಿಕ್ಕೆ ಹೊರಟ್ರ ಸಾವಿರ ನಾಲಗೆಯ ವಾಸುಕಿಗೂ ಬೇಸರ ಆದೀತು ಅಂತ. ಆ ಕಾಲದ ಪಂಡಿತನಿಗೆ ಕನ್ನಡ ಒಂದಲ್ಲ, ಹಲವು ಅಂತ ಗೊತ್ತಿತ್ತು. ಗಾಂಧಿನಗರದ ಸಂಭಾಷಣೆಕಾರರಿಗೆ ಎರಡು ಗೊತ್ತು: ಹೀರೋನದು, ಕಾಮಿಡಿಯವನದು.

ವೈಜನಾಥ ಬಿರಾದಾರ ಅವರ ಹೆಸರು ಕೇಳದವರು ಇರಬಹುದು, ಮುಖ ನೋಡದವರು ಇಲ್ಲ. ಬೀದರ್ ಜಿಲ್ಲೆಯವರು. ಸಣ್ಣ ಮೈ, ಕುರುಚಲು ಗಡ್ಡ, ಕೀರಲು ದನಿ. ದಶಕಗಟ್ಟಲೆ ನೂರಾರು ಸಿನಿಮಾಗಳಲ್ಲಿ ಅವರಿಗೆ ಸಿಕ್ಕಿದ್ದು ಬಹಳಷ್ಟು ಸಲ ಭಿಕ್ಷುಕ, ಕುಡುಕ, ಹೊಡೆತ ತಿನ್ನುವ ಬಡವ. ಒಂದು ನಿಮಿಷ, ಎರಡು ನಿಮಿಷ. ನಾವೂ ನಗ್ತಿದ್ವಿ. ಅವರ ಟೈಮಿಂಗ್ ಹಂಗಿತ್ತು.

ಆಮೇಲೆ ಗಿರೀಶ ಕಾಸರವಳ್ಳಿ ಅವರನ್ನ ಕರೆದು 'ಕನಸೆಂಬ ಕುದುರೆಯನೇರಿ' ಮಾಡಿದರು. ಕಥೆ ರಾಯಚೂರು ಸೀಮೆಯ ಅಮರೇಶ ನುಗಡೋಣಿಯವರ 'ಸವಾರಿ'. ಬಿರಾದಾರರದು ಇರ್ಯಾ ಅನ್ನೋ ಕುಣಿ ತೋಡುವವನ ಪಾತ್ರ, ಉಮಾಶ್ರೀ ಅವರದು ಅವನ ಹೆಂಡತಿ ರುದ್ರಿ. ಕನಸಿನಲ್ಲಿ ಸಿದ್ಧ ಬಂದ್ರ ಊರಾಗ ಒಂದು ಸಾವು ಆಗ್ತದ ಅಂತ ಇರ್ಯಾನ ನಂಬಿಕೆ. ಕನಸು ಬೀಳ್ತದ, ಗೌಡರ ಮನೆಗೆ ಹೋಗ್ತಾನ, ಯಾರೂ ಸತ್ತಿಲ್ಲ ಅಂತ ಅಟ್ಟಿ ಕಳಿಸ್ತಾರ. ಅಲ್ಲಿಂದ ಆ ಮನುಷ್ಯನ ನಂಬಿಕೆಯೇ ಅಲುಗಾಡ್ತದ. ಕುಣಿ ತೋಡೋದು ಅವನಿಗೆ ಬರೇ ಕೂಲಿ ಅಲ್ಲ, ದೇವರ ಜೊತೆ ಇರುವ ಒಂದು ಒಪ್ಪಂದ. ದೇವರು ಮಾತು ತಪ್ಪಿದನಾ, ನನ್ನೊಳಗ ಏನಾದ್ರೂ ಕೆಟ್ಟಿತಾ? ಅದೇ ದನಿ, ಅದೇ ಮೈ, ಇಷ್ಟು ವರ್ಷ ನಾವು ನೋಡಿ ನಕ್ಕ ಅದೇ ಮುಖ. ಒಂದು ಕಡೆನೂ ನಗು ಬರಂಗಿಲ್ಲ. ಆ ಸಿನಿಮಾಕ್ಕೆ ಕನ್ನಡದ ಅತ್ಯುತ್ತಮ ಚಿತ್ರ ಅಂತಲೂ ಚಿತ್ರಕಥೆಗೂ ರಾಷ್ಟ್ರಪ್ರಶಸ್ತಿ ಬಂತು. 2011ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಡೆದ ಚಿತ್ರೋತ್ಸವದಲ್ಲಿ ಬಿರಾದಾರರಿಗೆ ಶ್ರೇಷ್ಠ ನಟ ಪ್ರಶಸ್ತಿ ಕೊಟ್ಟರು. ಅಲ್ಲಿ ಕೂತು ನೋಡಿದವರಿಗೆ ಧಾರವಾಡವೂ ಗೊತ್ತಿಲ್ಲ, ಬೀದರೂ ಗೊತ್ತಿಲ್ಲ. ಈ ಮಾತು ಕೇಳಿದರೆ ನಗಬೇಕು ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ಅದಕ್ಕೇ ಅವರಿಗೆ ನಟ ಕಂಡ.

ಪ್ರಶಸ್ತಿ ಬಂದ ಮ್ಯಾಲ ಏನಾಯ್ತು? ಬಿರಾದಾರರಿಗೆ ಮತ್ತೆ ಅಂಥ ಪಾತ್ರಗಳ ಸಾಲು ಬಂತಾ? ನನಗಂತೂ ಕಾಣಲಿಲ್ಲ. 2023ರಲ್ಲಿ ಅವರನ್ನೇ ನಾಯಕರನ್ನಾಗಿ ಮಾಡಿ ಒಂದು ಸಿನಿಮಾ ಬಂತು, ಅವರ 500ನೇ ಚಿತ್ರ ಅಂತ ಪ್ರಚಾರ ಮಾಡಿದರು. ಖುಷಿಯ ಸಂಗತಿ. ಹೆಸರು ಏನು ಗೊತ್ತಾ? '90 ಹೊಡಿ ಮನೀಗ್ ನಡಿ'. ಐದುನೂರು ಸಿನಿಮಾ ಆದ ಮೇಲೂ ಕೈಯಾಗ ಬಾಟ್ಲಿ. ಆ ಸಿನಿಮಾ ಮಾಡಿದವರ ಮ್ಯಾಲ ನನಗ ಸಿಟ್ಟಿಲ್ಲ. ಅವರು ಕನಿಷ್ಠ ಪಕ್ಷ ಪೋಸ್ಟರಿನ ನಡುವೆ ಅವರ ಮುಖ ಹಾಕಿದರು. ಉಳಿದವರು ಅಷ್ಟೂ ಮಾಡಲಿಲ್ಲ.

ಹಾಡಿನ ವಿಷಯಕ್ಕೆ ಬಂದರೆ ಲೆಕ್ಕ ಬೇರೆ ಅದ. 2018ರ 'ರ‍್ಯಾಂಬೋ 2' ಸಿನಿಮಾದ 'ಚುಟು ಚುಟು' ಹಾಡು ನೆನಪಿಲ್ಲದವರು ಯಾರು? ಬೆಂಗಳೂರಿನ ಮದುವಿ, ಕಾಲೇಜ್ ಡೇ, ನಮ್ಮ ಕಂಪನಿಯ ವಾರ್ಷಿಕೋತ್ಸವ, ಎಲ್ಲಾ ಕಡೆ ಅದೇ. ಬರೆದವರು ಶಿವು ಬೇರ್ಗಿ, ಹಾಡಿದವರಲ್ಲಿ ಒಬ್ಬರು ರವೀಂದ್ರ ಸೊರಗಾವಿ. ಒಳ್ಳೆಯ ಹಾಡು, ನಾನೂ ಕುಣಿದೀನಿ. ಆಮೇಲೆ ಇಂಥ ಹಾಡು ಸಾಲು ಸಾಲಾಗಿ ಬಂದವು. ಆದರೆ ನೋಡ್ರಿ, ಇಂಥ ಎಷ್ಟೋ ಸಿನಿಮಾಗಳಲ್ಲಿ ಹೀರೋ ನಾಲ್ಕು ನಿಮಿಷ ಉತ್ತರ ಕರ್ನಾಟಕದವ ಆಗಿ ಕುಣೀತಾನ, ಹಾಡು ಮುಗಿದ ಕೂಡಲೇ ಬೆಂಗಳೂರಿನ ಕನ್ನಡದಾಗ "ನಿನ್ನ ಪ್ರೀತಿಸ್ತೀನಿ" ಅಂತಾನ. ನಮ್ಮ ಮಾತಿನಲ್ಲಿ ಕುಣಿಯಬಹುದು, ನಗಿಸಬಹುದು. ಪ್ರೀತಿ ಮಾಡಂಗಿಲ್ಲ, ಕೋರ್ಟಿನಾಗ ವಾದ ಮಾಡಂಗಿಲ್ಲ, ಸಾಯುವಾಗ ಮಗನಿಗೆ ಕೊನೆಯ ಮಾತು ಹೇಳಂಗಿಲ್ಲ.

"ಸಿನಿಮಾ ತಾನೇ, ಇಷ್ಟು ತಲೆ ಯಾಕೆ ಕೆಡಿಸ್ಕೋತೀಯ" ಅಂತ ನನ್ನ ಮೈಸೂರು ಕಡೆಯ ಗೆಳೆಯ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಹೇಳ್ತೀನಿ. ಹಿಂದಿನ ವರ್ಷ ಊರಿಂದ ನಮ್ಮ ಕಾಕಾನನ್ನ ಬೆಂಗಳೂರಿನ ಒಂದು ದೊಡ್ಡ ದವಾಖಾನಿಗೆ ತೋರಿಸಲಿಕ್ಕೆ ಕರೆದುಕೊಂಡು ಹೋಗಿದ್ದೆ. ಅರವತ್ತೈದು ದಾಟಿದ ಮನುಷ್ಯ, ತೊಗರಿ ಹೊಲದಾಗ ಜೀವನ ಕಳೆದವರು, ಸುಮ್ಮನೆ ದವಾಖಾನಿ ಮೆಟ್ಟಲು ಹತ್ತುವವರಲ್ಲ. ಒಳಗೆ ವಿವರ ಬರೆದುಕೊಳ್ಳುತ್ತಿದ್ದ ಹುಡುಗಿ "ಏನಾಗ್ತಿದೆ ಅಂಕಲ್?" ಅಂದಳು. ಕಾಕಾ ಹೇಳಿದರು: "ಏನಿಲ್ಲ ಬೇ ಯವ್ವಾ, ಎದ್ಯಾಗ ಒಮ್ಮೊಮ್ಮೆ ಚಳಕ್ ಹೊಡಿಲಕತ್ತದ. ಚಳಕ್ ಹೊಡೀತಂದ್ರ ಜೀವ ಹೋದಂಗ ಆಗ್ತದ." ಆಕೆ ಕಿಸಕ್ಕನೆ ನಕ್ಕಳು. ಪಕ್ಕದವಳನ್ನ ನೋಡಿದಳು, ಆಕೆಯೂ ನಕ್ಕಳು. "ಕಾಮಿಡಿ ಶೋದಲ್ಲಿ ಮಾತಾಡ್ದಂಗೆ ಮಾತಾಡ್ತಾರೆ, ಎಷ್ಟು ಕ್ಯೂಟ್ ಅಲ್ವಾ" ಅಂತ ನನಗ ಹೇಳಿದಳು. ಕೆಟ್ಟ ಹುಡುಗಿ ಅಲ್ಲ. ಮನಸ್ಸಿನಾಗ ಏನೂ ಇಟ್ಟುಕೊಂಡು ನಕ್ಕಿದ್ದೂ ಅಲ್ಲ. ಟಿವಿ ಆಕೆಗೆ ಕಲಿಸಿದ್ದು ಅಷ್ಟೇ, ಈ ದನಿ ಕೇಳಿದರೆ ನಗು ಅಂತ. ಮುಂದೆ ಕಾಕಾ ಏನು ಕೇಳಿದರೂ "ಹೂಂ", "ಇಲ್ಲ" ಇಷ್ಟೇ ಹೇಳಿದರು. ಉಳಿದದ್ದನ್ನ ನಾನು ಪುಸ್ತಕದ ಕನ್ನಡದಲ್ಲಿ ಹೇಳಿದೆ. ಚಳಕ್ ಅನ್ನೋ ಮಾತಿಗೆ ಪುಸ್ತಕದ ಕನ್ನಡದಾಗ ಸರಿಯಾದ ಮಾತು ನನಗ ಇವತ್ತಿಗೂ ಸಿಕ್ಕಿಲ್ಲ. "ನೋವು" ಅಂದೆ. ನೋವು ಬ್ಯಾರೆ, ಚಳಕ್ ಬ್ಯಾರೆ.

ಬೆಂಗಳೂರಿನ ಕಟ್ಟಡ ಕೆಲಸದ ಜಾಗಗಳಿಗೆ ಹೋಗಿ ನೋಡ್ರಿ. ಚಿಂಚೋಳಿ, ಚಿತ್ತಾಪುರ, ಯಾದಗಿರಿಯ ಎಷ್ಟು ಜನ ಅದಾರ. ಅಪಾರ್ಟ್‌ಮೆಂಟಿನವರು ಅವರ ಜೊತೆ ಹಿಂದಿಯಲ್ಲಿ ಮಾತಾಡ್ತಾರ. ಕನ್ನಡದವರೇ ಅಂತ ಗೊತ್ತೇ ಆಗಿರಂಗಿಲ್ಲ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಶಹಾಬಾದಿನ ಪರಸಿ ಕಲ್ಲು ದೇಶದ ಎಷ್ಟೋ ಮನೆಗಳ ನೆಲದ ಮ್ಯಾಲ ಅದ, ವಾಡಿ, ಮಳಖೇಡ, ಸೇಡಂನ ಸಿಮೆಂಟಿನಲ್ಲಿ ಬೆಂಗಳೂರಿನ ಎಷ್ಟು ಗೋಡೆ ನಿಂತಾವೋ. ಬ್ಯಾಳಿ, ಕಲ್ಲು, ಸಿಮೆಂಟು, ಕೈಯಾಳು, ಇಷ್ಟೂ ಬೆಂಗಳೂರಿಗೆ ತಿರಸ್ಕಾರ ಇಲ್ಲದೆ ತಲುಪ್ತಾವ. ಮಾತು ಮಾತ್ರ ದಾರಿಯಲ್ಲಿ ಜೋಕಾಗ್ತದ.

ಈಗ ಪಕ್ಕದ ಮನಿ ನೋಡೋಣ. ಸೇಡಂನಿಂದ ಹೈದರಾಬಾದ್ 200 ಕಿಲೋಮೀಟರಿಗೂ ಕಮ್ಮಿ, ಬೆಂಗಳೂರು ಅದರ ಮೂರು ಪಟ್ಟು. ನಾವು ತೆಲುಗು ಸಿನಿಮಾ ನೋಡ್ಕೋತ ಬೆಳೆದವರು. ನಮ್ಮದೂ ತೆಲಂಗಾಣದ್ದೂ ಒಂದೇ ನಿಜಾಮನ ರಾಜ್ಯ. 1948ರ ಸೆಪ್ಟೆಂಬರ್‌ನಲ್ಲಿ ಆ ರಾಜ್ಯ ಭಾರತಕ್ಕೆ ಸೇರಿತು, 1956ರಲ್ಲಿ ಭಾಷೆಯ ಮ್ಯಾಲ ಹಂಚಿಕೆ ಆಯ್ತು. ಆಮೇಲೆ ದಶಕಗಟ್ಟಲೆ ತೆಲುಗು ಸಿನಿಮಾದಲ್ಲಿ ತೆಲಂಗಾಣದ ಮಾತಿಗೆ ಸಿಕ್ಕಿದ್ದು ಥೇಟ್ ನಮ್ಮ ಮಾತಿಗೆ ಸಿಕ್ಕಿದ್ದೇ: ರೌಡಿ, ಕಾಮಿಡಿ. ಹೀರೋ ಮಾತಾಡೋದು ಕೃಷ್ಣಾ, ಗುಂಟೂರು ಕಡೆಯ ತೆಲುಗು. 2017ರಲ್ಲಿ ಶೇಖರ್ ಕಮ್ಮುಲ 'ಫಿದಾ' ಮಾಡಿದರು. ಬಾನ್ಸುವಾಡದ ಭಾನುಮತಿಯಾಗಿ ಸಾಯಿ ಪಲ್ಲವಿ ಆ ಮಾತು ಕಲಿತು, ತನ್ನದೇ ದನಿಯಲ್ಲಿ ಮಾತಾಡಿದರು. ಆ ಹುಡುಗಿ ತೆಲಂಗಾಣದ ಮಾತಿನಾಗ ಜಗಳ ಮಾಡ್ತಾಳ, ಪ್ರೀತಿ ಮಾಡ್ತಾಳ, ಅಳ್ತಾಳ. ಜನ ಆಕೆಯ ಮಾತಿಗೇ ಮರುಳಾದರು. 2023ರಲ್ಲಿ ವೇಣು ಯೆಲ್ದಂಡಿಯವರ 'ಬಲಗಂ' ಬಂತು. ಒಬ್ಬ ಮುದುಕನ ಸಾವು, ದಿನಕರ್ಮ, ಮಕ್ಕಳ ಮುನಿಸು, ಇಷ್ಟೇ ಕಥೆ. ತೆಲಂಗಾಣದ ಹಳ್ಳಿಗಳಲ್ಲಿ ಪರದೆ ಕಟ್ಟಿ ಊರಿಗೆ ಊರೇ ಕೂತು ನೋಡಿ ಅತ್ತಿತು. ವೇಣು ಅದಕ್ಕಿಂತ ಮೊದಲು ಏನಾಗಿದ್ದರು ಗೊತ್ತಾ? ಕಾಮಿಡಿ ನಟ. ಇನ್ನೊಂದು ಕಡೆ ಸೋಲಾಪುರ. ಅಲ್ಲಿಯ ಕರಮಾಳಾ ಸೀಮೆಯ ಮರಾಠಿಯನ್ನ ನಾಗರಾಜ ಮಂಜುಳೆ 'ಸೈರಾಟ್'ನಲ್ಲಿ, 2016ರಲ್ಲಿ, ಪುಣೆಯವರ ಬಾಯಲ್ಲೂ ಹಾಕಿದರು. ಅಂದ್ರ ನಮ್ಮ ಪೂರ್ವಕ್ಕೂ ಆಯ್ತು, ಪಶ್ಚಿಮಕ್ಕೂ ಆಯ್ತು. ನಡುವೆ ನಾವು.

ಕನ್ನಡದೊಳಗೂ ಆಗಿಲ್ಲ ಅಂತಲ್ಲ. ಮಂಡ್ಯದ ಹಳ್ಳಿಯ ಜನರನ್ನೇ ನಿಲ್ಲಿಸಿ ರಾಮ್ ರೆಡ್ಡಿ ಮತ್ತು ಈರೇಗೌಡ 'ತಿಥಿ' ಮಾಡಿದರು. ಕರಾವಳಿಯ ಕನ್ನಡವನ್ನೂ ಮೊದಲು ಭಟ್ಟರ ಹೋಟೆಲ್ಲಿನ ಕಾಮಿಡಿಗೆ ಮಾತ್ರ ಇಟ್ಟಿದ್ದರು. ರಾಜ್ ಬಿ. ಶೆಟ್ಟಿ 2017ರಲ್ಲಿ 'ಒಂದು ಮೊಟ್ಟೆಯ ಕಥೆ'ಯಲ್ಲಿ ಆ ಮಾತಿಗೆ ಒಬ್ಬ ಬೋಳು ತಲೆಯ ಮೇಷ್ಟರ ಸಂಕಟ ಕೊಟ್ಟರು, 2021ರ 'ಗರುಡ ಗಮನ ವೃಷಭ ವಾಹನ'ದಲ್ಲಿ ಅದೇ ಮಾತು ಕೇಳಿದರೆ ಮೈ ಜುಮ್ ಅನ್ನಬೇಕು ಹಂಗ ಮಾಡಿದರು. ಮುಂದಿನ ವರ್ಷ 'ಕಾಂತಾರ' ಬಂದ ಮ್ಯಾಲಂತೂ ಕರಾವಳಿಯ ಮಾತಿಗೆ ಯಾರೂ ನಗಂಗಿಲ್ಲ. ಅಲ್ಲಿಯವರು ಬೆಂಗಳೂರಿನವರಿಗೆ "ನಮ್ಮನ್ನ ಸರಿಯಾಗಿ ತೋರಿಸ್ರಿ" ಅಂತ ಅರ್ಜಿ ಹಾಕಲಿಲ್ಲ, ತಾವೇ ಕ್ಯಾಮೆರಾ ಹಿಡಿದರು. ಒಪ್ತೀನಿ. ಆದರೆ ಅವರ ಹಿಂದೆ ಯಕ್ಷಗಾನ, ತುಳು ನಾಟಕ, ತುಳು ಸಿನಿಮಾ, ಮುಂಬೈಯ ಹೋಟೆಲ್ ರೊಕ್ಕ, ಎಲ್ಲಾ ಇತ್ತು. ನಮ್ಮ ಹುಡುಗ ಮೊದಲು ಕೆಪಿಎಸ್‌ಸಿ ಬರೀಬೇಕು, ಇಲ್ಲಾ ಬಿಇ ಮಾಡಿ ಮನಿ ಸಾಲ ತೀರಿಸಬೇಕು. ಆಮೇಲೆ ಸಿನಿಮಾ.

ಕಥೆ ಇಲ್ಲ ಅನ್ನೋ ಮಾತಂತೂ ಸುಳ್ಳು. ಕಲಬುರಗಿ ಹತ್ತಿರದ ಸಾವಳಗಿಯ ಗೀತಾ ನಾಗಭೂಷಣರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ. ಆ ಕಾದಂಬರಿಯ ಹೆಂಗಸರು ಬೈತಾರ, ಅಳ್ತಾರ, ಕೂಲಿಗೆ ಹೋಗ್ತಾರ, ಗಂಡಸರ ಎದುರಿಗೆ ನಿಲ್ತಾರ, ಎಲ್ಲಾ ನಮ್ಮ ಮಾತಿನಾಗೇ. ಓದುವಾಗ ಒಂದು ಸಲಾನೂ ನನಗ ಇದು ಕಾಮಿಡಿ ಅನ್ನಿಸಲಿಲ್ಲ, ಮೈಸೂರಿನ ಓದುಗರಿಗೂ ಅನ್ನಿಸಿರಲಿಕ್ಕಿಲ್ಲ. ನಮ್ಮ ಚಿತ್ತಾಪುರ ಸೀಮೆಯ ಶಂಕರವಾಡಿಯ ಚೆನ್ನಣ್ಣ ವಾಲೀಕಾರರು ಇದೇ ನೆಲದ ಮಾತು ಹಿಡಿದು 'ವ್ಯೋಮಾವ್ಯೋಮ' ಅನ್ನೋ ಮಹಾಕಾವ್ಯವನ್ನೇ ಬರೆದರು. ಮಹಾಕಾವ್ಯಕ್ಕೆ ಸಾಲುವ ಮಾತು ಎರಡು ತಾಸಿನ ಸಿನಿಮಾಕ್ಕೆ ಸಾಲಂಗಿಲ್ಲ ಅಂದ್ರ ಹೆಂಗ ನಂಬಬೇಕು?

ಎಂ.ಎಸ್. ಸತ್ಯು ಎಂಬತ್ತರ ದಶಕದ ಆರಂಭದಲ್ಲೇ ಬೀದರ್ ಕಡೆ ಬಂದು 'ಬರ' ಮಾಡಿದ್ದರು. ಅನಂತನಾಗ್ ಅವರ ಒಳ್ಳೆಯ ಸಿನಿಮಾಗಳಲ್ಲಿ ಒಂದು. ಆದರೆ ಅದು ಬರದ ನಡುವೆ ನಿಂತ ಜಿಲ್ಲಾಧಿಕಾರಿಯ ಕಥೆ. ನಮ್ಮ ಜನ ಹಿಂದೆ ನಿಂತಿರ್ತಾರ. ಅದಕ್ಕಿಂತ ಬೇರೆ ಥರದ್ದನ್ನ ನಾನು ನೋಡಿದ್ದು 2024ರಲ್ಲಿ, ಉತ್ಸವ್ ಗೋನವಾರ ಅವರ 'ಫೋಟೋ'. ರಾಯಚೂರು ಕಡೆಯ ಒಂದು ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಾಗ ಕೂಲಿ. ಹುಡುಗ ಬಂದ ಹೊತ್ತಿಗೆ ಲಾಕ್‌ಡೌನ್. ಅಪ್ಪ ಮಗ ನಡೆದು ಊರ ಕಡೆ ಹೊರಡ್ತಾರ. ಸಿನಿಮಾ ಅಲ್ಲಲ್ಲಿ ನಿಧಾನ ಆಗ್ತದ, ಮುಂದೆ ಏನಾಗ್ತದ ಅಂತ ಮೊದಲೇ ಅಂದಾಜು ಸಿಗ್ತದ. ಆದರೆ ಅಪ್ಪ ಮಗನ ಮಾತು ಕೇಳ್ರಿ. ಎಲ್ಲೂ ಎಳೆದು ನಗಿಸೋ ಪ್ರಯತ್ನ ಇಲ್ಲ. ಹಸಿವು ಅಂದಾಗ ಹಸಿವು. ನಾನು ಬೆಂಗಳೂರಿನ ಮಾಲ್‌ನಲ್ಲಿ ನೋಡಿದೆ, ಮೊದಲ ಎರಡು ಮೂರು ಮಾತಿಗೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಭ್ಯಾಸ. ಹತ್ತು ನಿಮಿಷ ಆದ ಮ್ಯಾಲ ನಗು ನಿಂತಿತು. ಪ್ರೇಕ್ಷಕನನ್ನ ಬೈಯೋದು ಬ್ಯಾಡ ಅಂತ ನಾನು ಹೇಳೋದು ಇದಕ್ಕೇ. ಅವನ ಕಿವಿ ಹತ್ತು ನಿಮಿಷದಾಗ ತಿರುಗ್ತದ. ಅಷ್ಟು ಹೊತ್ತು ಧೈರ್ಯದಿಂದ ಕಾಯೋ ನಿರ್ದೇಶಕ ಬೇಕು.

ರಾಜಕೀಯದವರಿಂದ ಇದು ಆಗೋ ಕೆಲಸ ಅಲ್ಲ. ನಮ್ಮ ಜಿಲ್ಲೆ ಚಿಂಚೋಳಿಯ ವೀರೇಂದ್ರ ಪಾಟೀಲರನ್ನ, ಜೇವರ್ಗಿಯ ಧರಂ ಸಿಂಗ್‌ರನ್ನ ಮುಖ್ಯಮಂತ್ರಿ ಮಾಡಿ ಕಳಿಸಿದ್ದು. 371(ಜೆ) ಬಂತು, ನೌಕರಿ, ಸೀಟು ಸಿಕ್ಕವು, ನನ್ನ ಓಣಿಯಲ್ಲೇ ಅದರಿಂದ ಡಾಕ್ಟರ್ ಆದವರು ಅದಾರ. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನೋದನ್ನ ತೆಗೆದು ಕಲ್ಯಾಣ ಕರ್ನಾಟಕ ಅಂತ ಬೋರ್ಡ್ ಬರೆಸಿದರು. ಬೋರ್ಡ್ ಛಲೋ ಅದ. ಟಿವಿ ನ್ಯೂಸಿನಲ್ಲಿ ಮಾತ್ರ ನಾವು ಇನ್ನೂ ಮೇ ತಿಂಗಳಿಗೊಮ್ಮೆ ಬರ್ತೀವಿ, ಬಂಡೆಯ ಮ್ಯಾಲ ಆಮ್ಲೆಟ್ ಹಾಕಿ ತೋರಿಸಲಿಕ್ಕೆ.

ನನ್ನ ಕಸುಬಿಗೆ ಹತ್ತಿರದ ಒಂದು ಮಾತು. ಈಗ ಫೋನು ಮಾತು ಕೇಳಿ ತಾನೇ ಬರೀತದ. ನಮ್ಮವ್ವ ಓದಲಿಕ್ಕೆ ಬಾರದವರು, ಅವರಿಗೆ ಇದು ದೊಡ್ಡ ಉಪಕಾರ ಆಗಬೇಕಿತ್ತು. "ಹೊಲಕ್ಕ ಹೋಗ್ಲಕತ್ತೀನಿ, ಸಂಜಿಕ್ಕ ಫೋನ್ ಹಚ್ಚು" ಅಂತ ಅವರು ಹೇಳಿದ್ದು ನನಗ ಬಂದು ಮುಟ್ಟಿದಾಗ ಅದರಲ್ಲಿ ಹೊಲವೂ ಇರಲಿಲ್ಲ, ಸಂಜೆಯೂ ಇರಲಿಲ್ಲ. ಯಂತ್ರಕ್ಕೆ ಪೂರ್ವಗ್ರಹ ಇರಂಗಿಲ್ಲ, ಕೇಳಿಸಿದ್ದನ್ನ ಕಲೀತದ. ಸುದ್ದಿ, ಧಾರಾವಾಹಿ, ಸಿನಿಮಾ, ಪಾಠ, ಎಲ್ಲಾ ಒಂದೇ ಕನ್ನಡದಾಗ ಇದ್ರ ಅದಾದ್ರೂ ಏನು ಮಾಡೀತು? ಬೆಂಗಳೂರಿನ ಐಐಎಸ್‌ಸಿಯವರು 'ವಾಣಿ' ಅನ್ನೋ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗೆ ಹೋಗಿ ಜನರ ದನಿ ಕೂಡಿಸ್ತಿದ್ದಾರ. ಛಲೋ ಕೆಲಸ. ಇಂಜಿನಿಯರುಗಳಿಗೆ ನಮ್ಮ ಮಾತನ್ನ ಸುಮ್ಮನೆ ಕೂತು ಕೇಳಬೇಕು ಅನ್ನಿಸಿದೆ, ಕಥೆ ಮಾಡುವವರಿಗೆ ಇನ್ನೂ ಅನ್ನಿಸಿಲ್ಲ.

ಬೆಂಗಳೂರಿನವರು ಈಗ ಪ್ಯಾನ್ ಇಂಡಿಯಾ ಸಿನಿಮಾ ಮಾಡ್ತಾರ, ಮುಂಬೈ ತಲುಪಬೇಕು ಅಂತಾರ. ಬೆಂಗಳೂರಿನಿಂದ ಮುಂಬೈಗೆ ಹೋಗೋ ಉದ್ಯಾನ್ ಎಕ್ಸ್‌ಪ್ರೆಸ್ ವಾಡಿ ಜಂಕ್ಷನ್ ಮ್ಯಾಲೇ ಹೋಗ್ತದ. ಒಬ್ಬ ನಿರ್ದೇಶಕ ಅಲ್ಲಿ ಇಳಿದು ಒಂದು ತಿಂಗಳು ಉಳೀಲಿ. ಮುಂಬೈಗೆ ದುಡಿಯಲಿಕ್ಕೆ ಹೊರಟ ತಾಂಡಾದ ಮಂದಿ, ಗಣಿಯಾಗ ಬೆರಳು ಕಳಕೊಂಡವ, ತೊಗರಿ ರೇಟು ಬಿದ್ದ ವರ್ಷ ಮಗಳ ಲಗ್ನ ಮುಂದಕ್ಕೆ ಹಾಕಿದ ರೈತ, ಸಿಮೆಂಟ್ ಫ್ಯಾಕ್ಟರಿಗೆ ಹೊಲ ಕೊಟ್ಟು ಅದೇ ಫ್ಯಾಕ್ಟರಿಯ ಗೇಟಿನಾಗ ಗಾರ್ಡ್ ಆಗಿ ನಿಂತವ, ಎಲ್ಲರೂ ಚಹಾ ಕುಡಿಲಿಕ್ಕೆ ಅಲ್ಲೇ ಬರ್ತಾರ. ಸಂಭಾಷಣೆ ಬರೆಯಲಿಕ್ಕೆ ಚಿತ್ತಾಪುರದ ಯಾರಾದ್ರೂ ಹುಡುಗನನ್ನ ಇಟ್ಟುಕೊಳ್ಳಲಿ, ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಲಿ, ರೊಕ್ಕಾನೂ ಕೊಡಲಿ. ಡಬ್ಬಿಂಗ್ ಹೊತ್ತಿನಾಗ "ಇದು ಮಂಡ್ಯದವರಿಗೆ ಅರ್ಥ ಆಗಲ್ಲ" ಅಂತ ಬದಲಿ ಮಾಡಬ್ಯಾಡ್ರಿ. ನಾವು ಮಂಡ್ಯದ ಮಾತು ಸಬ್‌ಟೈಟಲ್ ಇಲ್ಲದೆ ಅರವತ್ತು ವರ್ಷದಿಂದ ಕೇಳ್ಕೋತ ಬಂದೀವಿ.